ಹೊರಗಿನ ಚಿಲಕ

ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಯಾರೋ ಬೀಡಿ ಹಚ್ಚಿದ್ದಾರೆ, ಬೀಡಿಯ ಹೊಗೆ ಅಷ್ಟೇ, ಮೆಣಸಿನಕಾಯಿಯದಲ್ಲ, ಆದರೂ ಶಹಜಾದಿಯ ಗಂಟಲು ಹಿಡಿಯಿತು, ಗಂಟಲಿಗೇನು ಗೊತ್ತು, ಅದೇನು ಧಾರವಾಡಕ್ಕೆ ಹೋಗಿ ಕಲಿತು ಬಂದಿದೆಯೇ — ಮನಸ್ಸು ನೊಂದವರನ್ನು ಕೂರಿಸಿಕೊಂಡು ಮಾತಾಡಿಸುವ ವಿದ್ಯೆ ಕಲಿತವಳು ಅವಳು, ವಿಜಾಪುರದ ದವಾಖಾನೆಯ ಹಿಂದಿನ ಕೋಣೆ ಅವಳದು, ಸೂಜಿಯಿಲ್ಲ ಗುಳಿಗೆಯಿಲ್ಲ, ಬರೇ ಮಾತಿನ ಬಾಯಾರು, ಮಾತಿನ ನರ್ಸಮ್ಮ ಎಂದು ಕಂಪೌಂಡರ್ ಧೂಳಪ್ಪ ನಗುತ್ತಾನೆ, ನಗಲಿ ಬಿಡು. ಪಕ್ಕದ ಹೆಂಗಸು ಅವಳ ಚೀಲ ನೋಡಿ ಸರಿದು ಕೂತಳು, ಆಪರೇಶನ್ ಮಾಡಸಾಕ ಮಂದೀನ ಹಿಡಿಯೋ ಬಾಯಾರೇನ್ರಿ ನೀವು, ಅಲ್ಲವ್ವಾ, ನಾ ಅವರಾಕಿ ಅಲ್ಲ, ಎಪ್ಪತ್ತಾರನೆಯ ಇಸವಿಯಲ್ಲಿ ಸರಕಾರಿ ಚೀಲ ಹಿಡಿದವಳನ್ನು ಯಾರು ನಂಬುತ್ತಾರೆ, ಕಂಡಕಂಡ ಗೋಡೆಗೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಬಬಲೇಶ್ವರ ಇನ್ನೂ ದೂರ, ಅಲ್ಲಿ ಹೊಳೆವ್ವನ ಮನೆ, ಹೊಳೆವ್ವ ಬಾಗಿಲು ಕೆರೆಯುತ್ತಿದ್ದಾಳೆ, ಅಲ್ಲ, ಅದು ನಿನ್ನೆ — ನಿನ್ನೆ ದವಾಖಾನೆಯ ಪಕ್ಕದ ಮನೆಯವರು ಮಸಾಲೆ ಖಾರಕ್ಕೆಂದು ಮೆಣಸಿನಕಾಯಿ ಹುರಿದರು, ಘಾಟು ಒಳಗೆ ನುಗ್ಗಿತು, ಹೊಳೆವ್ವನಿಗೆ ತ್ರಾಸಾಗಬಾರದೆಂದು ಶಹಜಾದಿ ತಾನೇ ಎದ್ದು ಬಾಗಿಲು ಹಾಕಿ ಒಳಗಿನ ಚಿಲಕ ಜಡಿದಳು, ಒಳ್ಳೆಯದಕ್ಕೇ, ಎಲ್ಲರೂ ಒಳ್ಳೆಯದಕ್ಕೇ ಜಡಿಯುತ್ತಾರೆ. ಕೂಸು ತೊಟ್ಟಿಲಲ್ಲೇ ಸತ್ತ ಮೇಲೆ ಮಾತು ಬಿಟ್ಟವಳು ಹೊಳೆವ್ವ, ಗಾಳಿ ಬಡದೈತಿ ಎಂದು ಅವಳನ್ನು ಕೋಣೆಯಲ್ಲಿ ಕೂಡಿಹಾಕಿ ಮೆಣಸಿನಕಾಯಿ ಹೊಗೆ ಕೊಟ್ಟಿದ್ದರು, ಗಂಡ ಅಮೋಘಿಯೇ ಹೇಳಿದ್ದ, ಗೊತ್ತಿತ್ತು, ಗೊತ್ತಿದ್ದೂ! ಬೇಸಿಗೆಯಿಂದ ಅವಳನ್ನು ಬಾಗಿಲ ಹತ್ತಿರವೇ ಕೂರಿಸಿ, ಮುಟ್ಟುವ ಮೊದಲು ಮುಟ್ಲೇನವ್ವಾ ಎಂದು ಕೇಳಿ, ಉತ್ತರ ಬರದ ದಿನ ಸುಮ್ಮನೆ ಜೊತೆಗೆ ಕೂತು ಶೇಂಗಾ ಸುಲಿದು ಗಳಿಸಿದ ನಂಬಿಕೆ ಒಂದು ಚಿಲಕಕ್ಕೆ ಹೋಯಿತು, ಬೇರೆ ಯಾರಾದರೂ ಆಗಿದ್ದರೆ ಸರಿ, ತಿಕೋಟಾದ ಪೀರಾಂಬಿಯ ಮಗಳಾದ ತಾನು ಹೀಗೆ ಮಾಡುವುದೇ — ಸಣ್ಣವಳಿದ್ದಾಗ ಕಂಡದ್ದು, ಅಮ್ಮ ಒಳಗೆ ಹೊಗೆಯಲ್ಲಿ ಕೆಮ್ಮುತ್ತಾಳೆ, ಅಬ್ಬಾ ಹೊರಗೆ ಚಿಲಕ ಹಿಡಿದು ನಿಂತು ಅಳುತ್ತಾನೆ, ತೆಗೀರಿ ಅಬ್ಬಾ, ಸುಮ್ಕಿರ ಬೇಟಿ, ಆರಾಮ ಆಗ್ತಾಳ, ಸಂತೆಯಿಂದ ಅಮ್ಮನಿಗೆ ಬಳೆ ತರುತ್ತಿದ್ದ ಕೈ ಅದು, ಆರಾಮ ಆಗಲಿಲ್ಲ, ಅಮ್ಮ ಸಾಯುವತನಕ ಕೋಣೆಯೊಳಗೆ ಮಲಗಲಿಲ್ಲ, ಮಳೆ ಬಂದರೂ ಕಟ್ಟೆಯ ಮೇಲೇ. ನಿನ್ನೆ ಅಮೋಘಿ ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟಾಗ ಅಂದ, ನಿಮ್ಮ ಹಂತೇಕನೂ ಹಿಂಗಾತಂದ್ರ ಹ್ಯಾಂಗ್ರಿ ಬಾಯಾರ, ನಾಳಿ ಸಂಜಿಕ ಮತ್ತ ಹೊಗಿ ಹಾಕಸ್ತೀನಿ. ಆ ನಾಳೆ ಇವತ್ತು, ಈ ಡ್ರೈವರ್ ಎತ್ತಿನ ಗಾಡಿಗೂ ದಾರಿ ಬಿಡುತ್ತಾನೆ.

ಅಂಗಳದಲ್ಲಿ ಕೆಂಡಕ್ಕೆಂದು ಕುಳ್ಳು ಒಟ್ಟಿದ್ದಾರೆ, ಇನ್ನೂ ಹಚ್ಚಿಲ್ಲ, ಸದ್ಯ, ಹೊಳೆವ್ವ ಹೊಸ್ತಿಲೊಳಗೆ ಕೂತಿದ್ದಾಳೆ, ಅಮೋಘಿ ಬಾಗಿಲ ಸರಪಳಿ ಹಿಡಿದು ನಿಂತಿದ್ದಾನೆ, ಬರ್ರಿ ಬಾಯಾರ, ಒಳಗ ಬರ್ರಿ, ಬ್ಯಾಡ್ರಿ, ನಾ ಇಲ್ಲೇ ಕುಂಡ್ರತೀನಿ, ನೆಲದ ಮೇಲೇ ಕೂತಳು ಶಹಜಾದಿ, ಹೊಳೆವ್ವಾ, ನಿನ್ನಿ ನಿನ್ನ ಕೇಳದ ಬಾಗಲಾ ಹಾಕಿದೆ, ತಪ್ಪಾತು. ಘಾಟಿನ ಮಾತು ಎತ್ತಲಿಲ್ಲ, ಒಳ್ಳೆಯದಕ್ಕೆ ಎನ್ನಲಿಲ್ಲ. ಅಮೋಘಿಗೆ ನಗು, ಹುಚ್ಚಿಗಿ ಯಾರರ ತಪ್ಪಾತ ಅಂತಾರೇನ್ರಿ. ಆಮೇಲೆ ಒಂದು ದನಿ, ತುಕ್ಕು ಹಿಡಿದ ದನಿ, ಯಾರದು, ಹೊಳೆವ್ವನದೇ — ನೀವು ನನ ಜೋಡಿ ಒಳಗ ಇದ್ರೆಲ್ರಿ ಬಾಯಾರ. ಆವತ್ತ ಹೊರಗಿಂದ ಚಿಲಕಾ ಹಾಕಿದಾಂವ ಇಂವ. ಒದರಿದ್ನಿ. ಕೇಳತಿತ್ತ ಇಂವಗ. ಅಮೋಘಿಯ ನಗು ಹೋಯಿತು, ಕೈ ಮಾತ್ರ ಸರಪಳಿಯ ಮೇಲೇ, ಬಿಡಲಿಕ್ಕೇ ಮರೆತಂತೆ, ಹೊಳೆವ್ವ ಎದ್ದಳು, ಆ ಕೈ ಹಿಡಿದಳು, ಒಂದು ಬೆರಳು ಬಿಡಿಸಿದಳು, ಇನ್ನೊಂದು ಬೆರಳು, ಇನ್ನೊಂದು —