ಸ್ಟೇರಿಂಗಿಗೆ ಯಾವ ಎಣ್ಣೆ

ನಮ್ಮಪ್ಪನೂ ಚಿಕ್ಕಪ್ಪನೂ ಯಾವುದಾದರೂ ಒಂದು ವಿಷಯಕ್ಕೆ ಒಟ್ಟಿಗೆ ತಲೆಯಾಡಿಸಿದ್ದನ್ನು ನಾನು ಕಂಡಿಲ್ಲ. ಅಪ್ಪ ಫ್ಯಾನ್ ಹಾಕಿದರೆ ಚಿಕ್ಕಪ್ಪನಿಗೆ ಚಳಿ, ಚಿಕ್ಕಪ್ಪ ಕಿಟಕಿ ತೆಗೆದರೆ ಅಪ್ಪನಿಗೆ ಧೂಳು. ಇಂಥ ಇಬ್ಬರು ಸೇರಿಕೊಂಡು ಸೋಫಾ ರಿಪೇರಿ ಅಂಗಡಿ ನಡೆಸುತ್ತಾರೆ. ಹೇಗೆ ನಡೆಯುತ್ತಿದೆ ಎಂದು ಕೇಳಬೇಡಿ. ಹೊಲಿಗೆ ಮೆಷಿನ್ ಮುಂದೆ ನಾನು ಕೂತಿದ್ದೇನೆ, ಅದಕ್ಕೆ ನಡೆಯುತ್ತಿದೆ.

ಸೋಫಾಗಳನ್ನು ತರುವುದಕ್ಕೆ, ತಲುಪಿಸುವುದಕ್ಕೆ ಒಂದು ಹಳೆಯ ಪಿಕಪ್ ಇದೆ. ಓಡಿಸುವುದು ಅಪ್ಪ ಮಾತ್ರ. ಚಿಕ್ಕಪ್ಪ ಅದನ್ನು ಹಿತ್ತಲಿನಿಂದ ಅಂಗಡಿ ಬಾಗಿಲಿಗೆ ತಂದು ನಿಲ್ಲಿಸಬಹುದು, ಅಷ್ಟೇ. ನನಗೂ ಲೈಸೆನ್ಸ್ ಇದೆ. ಅಪ್ಪನ ಲೆಕ್ಕದಲ್ಲಿ ಅದು ನನ್ನ ಫೋಟೋ ಇರುವ ಒಂದು ಕಾರ್ಡು.

ಈಚೆಗೆ ಪಿಕಪ್ಪಿನ ಸ್ಟೇರಿಂಗ್ ಕಲ್ಲಾಗಿತ್ತು. ತಿರುಗಿಸಿದರೆ ಬಾನೆಟ್ಟಿನೊಳಗಿಂದ ನಾಯಿಮರಿ ಕುಂಯ್‌ಗುಟ್ಟಿದ ಹಾಗೆ ಸದ್ದು. ಹೋದ ವಾರ ಗಿರಾಕಿಯೊಬ್ಬರ ಮನೆ ಮುಂದೆ ತಿರುವು ಸಾಲದೆ ಅಪ್ಪ ಗಾಡಿಯನ್ನು ಗೇಟಿನ ಕಂಬಕ್ಕೆ ಗುದ್ದಿದರು. ಕಂಬಕ್ಕೆ ಒರಗಿಸಿದ್ದ ಪುಟ್ಟ ಸೈಕಲ್ ಅಪ್ಪಚ್ಚಿಯಾಯಿತು. ಸೈಕಲ್ಲಿನ ಒಡತಿ ಆಗಷ್ಟೇ ನೀರು ಕುಡಿಯಲು ಒಳಗೆ ಹೋಗಿದ್ದಳು. ಪಕ್ಕದಲ್ಲಿ ಕೂತಿದ್ದ ನನ್ನ ಜೀವ ಬಾಯಿಗೆ ಬಂದಿತ್ತು.

ಆ ದಿನ ಊಟಕ್ಕೆ ಕೂತಾಗ ನಾನು ನೇರವಾಗಿಯೇ ಹೇಳಿದೆ.

"ಅಪ್ಪ, ಬರೀ ಸ್ಟೇರಿಂಗ್ ಅಲ್ಲ, ನಿಮ್ಮ ಬಲಭುಜಾನೂ ಕೆಟ್ಟಿದೆ. ಬಾಚಣಿಗೆ ಎಡಗೈಲಿ ಹಿಡೀತಿದೀರ. ಶರ್ಟ್ ಹಾಕ್ಕೊಳ್ಳೋಕೆ ಅಮ್ಮನ್ನ ಕೂಗ್ತೀರ. ಇನ್ಮೇಲೆ ನಾನು ಓಡಿಸ್ತೀನಿ."

"ನನ್ನ ಭುಜಕ್ಕೆ ಏನೂ ಆಗಿಲ್ಲ. ಆಗಿರೋದು ಗಾಡಿಗೆ. ಅದು ಸರಿಹೋದ ಮೇಲೂ ನನ್ನ ಕೈಲಿ ತಿರುಗಿಸೋಕೆ ಆಗಲಿಲ್ಲ ಅಂದ್ರೆ ಕೀ ನಿನಗೇ ಕೊಡ್ತೀನಿ. ಅಲ್ಲೀವರೆಗೂ ತೆಪ್ಪಗಿರು," ಎಂದರು ಅಪ್ಪ.

ಸರಿಪಡಿಸುವುದು ಎಂದರೆ ಗ್ಯಾರೇಜಿಗೆ ಹೋಗುವುದು ಎಂದು ನಾನು ತಿಳಿದಿದ್ದೆ. ನನ್ನ ಬುದ್ಧಿಗಿಷ್ಟು. ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಯಾವ ಎಣ್ಣೆ ಎಂಬುದು ತೀರ್ಮಾನವಾಗಬೇಕಿತ್ತು. ಅಪ್ಪ ಒಂದು ಹಳದಿ ಎಣ್ಣೆಯ ಬಾಟಲಿ ತಂದಿದ್ದರು. "ಪವರ್ ಸ್ಟೇರಿಂಗ್ ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದೆ, ಕಣ್ಣಿಲ್ವಾ?" ಚಿಕ್ಕಪ್ಪ ತಂದಿದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪೆಣ್ಣೆ. "ಹಳೇ ಗಾಡಿಗೆ ಕೆಂಪೇ ಕಣಣ್ಣ. ಕಂಪನಿಯವನೇ ಹೇಳಿದಾನೆ." ಯಾವ ಕಂಪನಿಯವನು, ಯಾವಾಗ ಹೇಳಿದ, ಒಂದೂ ಗೊತ್ತಿಲ್ಲ.

ಅಪ್ಪ ಬೆಳಿಗ್ಗೆ ಬಾನೆಟ್ ಎತ್ತಿ ಸ್ಟೇರಿಂಗ್ ಎಣ್ಣೆಯ ಡಬ್ಬಿಗೆ ಹಳದಿ ಸುರಿಯುವುದು. ಅವರು ಮಲಗಿದ್ದಾಗ ಚಿಕ್ಕಪ್ಪ ಅಂಟು ಹಾಕುವ ಸಿರಿಂಜ್ ತಂದು, ಡಬ್ಬಿಯೊಳಗೆ ಕೈಗೆಟುಕಿದಷ್ಟು ಹಳದಿಯನ್ನು ಹೀರಿ ಕೆಂಪು ತುಂಬುವುದು. ಮರುದಿನ ಅಪ್ಪ ಅದೇ ಸಿರಿಂಜಿನಲ್ಲಿ ಕೆಂಪನ್ನು ಹೀರುವುದು. ಒಬ್ಬರ ಕಳ್ಳತನ ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತು, ಆದರೆ ಬಾಯಿಬಿಟ್ಟು ಆಡುವವರಿಲ್ಲ. ನಾನು ಸಿರಿಂಜ್ ಬಚ್ಚಿಟ್ಟರೆ ಅಮ್ಮನೇ ಹುಡುಕಿ ಕೊಟ್ಟಳು. "ಇಬ್ಬರೂ ಒಂದು ಕಡೆ ಸುಮ್ಮನಿರ್ತಾರಲ್ಲ, ಬಿಡು," ಎಂದಳು. ಇವರ ಜೊತೆ ಏಗಿ ಏಗಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಕೊನೆಗೆ ನಾನೇ ಮೆಕ್ಯಾನಿಕ್ಕನನ್ನು ಅಂಗಡಿಯ ಹಿತ್ತಲಿಗೆ ಕರೆತಂದೆ. ಏನು ಕೇಳಿದರೂ "ಆಮೇಲೆ ನೋಡೋಣ" ಎನ್ನುವುದರಿಂದ ಬೀದಿಯವರೆಲ್ಲ ಅವನನ್ನು 'ಆಮೇಲೆ' ಎಂದೇ ಕರೆಯುತ್ತಾರೆ. ಅವನು ಎಂಜಿನ್ ನಿಲ್ಲಿಸಿ ಸ್ಟೇರಿಂಗ್ ತಿರುಗಿಸಿದ, ಚಾಲೂ ಮಾಡಿ ತಿರುಗಿಸಿದ. ಎರಡು ಸಲವೂ ಒಂದೇ ಭಾರ.

"ಸ್ಟೇರಿಂಗ್ ಹಗುರ ಮಾಡೋ ಪಂಪ್ ಸುಮ್ಮನೆ ಸಂಬಳಕ್ಕೆ ಕೂತಿದೆ," ಎಂದ. ಬೆಲ್ಟನ್ನು ಬೆರಳಿನಿಂದ ಒತ್ತಿದ, ಅದು ಜೋತು ಬಿತ್ತು. ಎಣ್ಣೆ ಡಬ್ಬಿಯ ಮುಚ್ಚಳ ತೆಗೆದವನು ಒಳಗೆ ನೋಡಿ, ನನ್ನ ಮುಖ ನೋಡಿದ. ಹಾಲು ಹೆಚ್ಚಾದ ಚಹಾದ ಬಣ್ಣದ, ನೊರೆ ನೊರೆ ರಾಡಿ.

"ಇದಕ್ಕೆ ಏನೇನ್ ಹಾಕಿದೀರಮ್ಮ?"

ನಾನು ಇಬ್ಬರ ಕಡೆಗೂ ಕೈ ತೋರಿಸಿದೆ. ಇಬ್ಬರೂ ಆಕಾಶ ನೋಡಿದರು.

ಡಬ್ಬಿಯಿಂದ ಪಂಪಿಗೆ ಹೋಗುವ ಪೈಪು ಸೀಳಿತ್ತು. ಅಲ್ಲಿಂದ ಎಣ್ಣೆ ಸೋರುತ್ತಿತ್ತು, ಗಾಳಿ ಒಳಗೆ ಹೋಗುತ್ತಿತ್ತು, ಆ ಗಾಳಿಗೇ ಪಂಪ್ ಅಳುತ್ತಿತ್ತು. ನಮ್ಮ 'ಆಮೇಲೆ' ಪೈಪ್ ಬದಲಿಸಿದ, ಬೆಲ್ಟ್ ಬಿಗಿ ಮಾಡಿದ, ರಾಡಿಯನ್ನೆಲ್ಲ ಬಸಿದು ತೆಗೆದ. ನಂತರ ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದ. ಜಿಡ್ಡಿನ ಕೆಳಗೆ ಅಕ್ಷರಗಳು ಎದ್ದವು.

"ಗೇರ್‌ಬಾಕ್ಸ್ ಎಣ್ಣೆ ಅಂತ ಇದರ ಮೇಲೇ ಬರೆದಿದೆಯಲ್ಲ ಯಜಮಾನ್ರೇ. ಈ ಗಾಡಿಗೆ ಕೆಂಪೇ."

ಚಿಕ್ಕಪ್ಪ ಎದೆ ಸೆಟೆಸಿದರು. ಇನ್ನು ವರ್ಷವಿಡೀ ಇದನ್ನೇ ಕೇಳಬೇಕಲ್ಲ ಎಂದು ನನಗೆ ಆಗಲೇ ಸುಸ್ತಾಯಿತು.

ಡಬ್ಬಿಗೆ ಕೆಂಪೆಣ್ಣೆ ತುಂಬಿ, ಮುಂದಿನ ಚಕ್ರಗಳನ್ನು ಜಾಕ್ ಮೇಲೆತ್ತಿ, ಎಂಜಿನ್ ಚಾಲೂ ಮಾಡದೆ ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸಿ ಗಾಳಿ ಹೊರಡಿಸಿದ್ದಾಯಿತು. ಗಾಡಿ ಇಳಿಸಿ ಚಾಲೂ ಮಾಡಿದಾಗ ಕುಂಯ್ ಎನ್ನುವ ಸದ್ದು ಇರಲಿಲ್ಲ. ಮೆಕ್ಯಾನಿಕ್ ನನ್ನನ್ನು ಕೂರಿಸಿ ತಿರುಗಿಸಲು ಹೇಳಿದ. ಒಂದು ಬೆರಳು ಸಾಕಾಯಿತು.

"ಏಳು, ಏಳು," ಎಂದು ಅಪ್ಪ ನನ್ನನ್ನು ಎಬ್ಬಿಸಿ ತಾವು ಕೂತರು. ಎಡಕ್ಕೆ ಸಲೀಸಾಗಿ ಹೋಯಿತು. ಬಲಕ್ಕೆ ಎಳೆಯುವಾಗ ಬಲಗೈ ಅರ್ಧಕ್ಕೇ ನಿಂತು, ಜಾರಿ ತೊಡೆಯ ಮೇಲೆ ಬಿತ್ತು. ಅಪ್ಪ ಅದನ್ನು ಎತ್ತಿ ಮತ್ತೆ ಇಟ್ಟರು. ಮತ್ತೆ ಜಾರಿತು. ಹಲ್ಲು ಕಚ್ಚಿಕೊಂಡಿದ್ದರು, ಕತ್ತು ಬೆವತಿತ್ತು. ನಾನು ಹೇಳಿದ್ದೇ ನಿಜವಾಗಿತ್ತು. ಆಗಬಾರದಿತ್ತು ಎನಿಸಿತು.

"ಇನ್ನೂ ಭಾರ ಇದೆ," ಎಂದರು ಅಪ್ಪ.

ಮೆಕ್ಯಾನಿಕ್ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಅವನ ಕಾಲು ತುಳಿದರು. ಕಿಟಕಿಯಿಂದ ಎರಡೂ ಕೈ ತೂರಿಸಿ, ಮುಖ ಕೆಂಪಗೆ ಮಾಡಿಕೊಂಡು, ತಿಣುಕುತ್ತಾ ಸ್ಟೇರಿಂಗನ್ನು ಸ್ವಲ್ಪವೇ ಸ್ವಲ್ಪ ತಿರುಗಿಸಿದರು.

"ಹೌದಣ್ಣ. ಭಾರಾನೇ. ನೀನು ಹೇಳಿದ್ದೇ ಸರಿ, ಇದಕ್ಕೆ ಹಳದೀನೇ ಹಾಕ್ಬೇಕಿತ್ತು. ಈ ಕೆಂಪು ಆಗಿಬರಲ್ಲ."

ಅಪ್ಪ ತಮ್ಮನ ಮುಖವನ್ನೇ ನೋಡುತ್ತಾ ಕೂತರು.

"ಹುಟ್ಟಿದಾಗಿನಿಂದ ನನ್ನ ಒಂದು ಮಾತಿಗೆ ಹೌದು ಅಂದೋನಲ್ಲ ನೀನು," ಎಂದರು ಮೆಲ್ಲಗೆ. "ಅಷ್ಟು ಕೆಟ್ಟಿದೆಯೇನೋ ನನ್ನ ಕೈ?"

ಚಿಕ್ಕಪ್ಪ ಕಿಟಕಿಯಿಂದ ಕೈ ತೆಗೆದು, ಎಣ್ಣೆ ಇಲ್ಲದಿದ್ದರೂ ಪಂಚೆಗೆ ಒರೆಸಿಕೊಳ್ಳತೊಡಗಿದರು. ಅಪ್ಪ ಎಂಜಿನ್ ಆರಿಸಿ ಇಳಿದರು. ಕೀಯನ್ನು ನನ್ನ ಅಂಗೈಯಲ್ಲಿಟ್ಟು, ಗಾಡಿಯ ಇನ್ನೊಂದು ಬದಿಗೆ ಹೋಗಿ, ಬಾಗಿಲನ್ನು ಎಡಗೈಯಲ್ಲಿ ತೆಗೆದು ನಾನು ಕೂರುವ ಸೀಟಿನಲ್ಲಿ ಕೂತರು.

"ನಡಿ. ಹಿಂದೆ ಹೇರಿರೋ ಸೋಫಾ ತಲುಪಿಸ್ಬೇಕು."

ಗಾಡಿ ತೆಗೆದೆ. ಬೀದಿಯ ಕೊನೆಯ ತಿರುವಿನಲ್ಲಿ ನಾನು ಎರಡೂ ಕೈಯಿಂದ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಭುಜ ಕೊಟ್ಟು, ಕಷ್ಟಪಟ್ಟು ತಿರುಗಿಸಿದೆ.

"ನೀನೂ ಶುರು ಮಾಡ್ಬೇಡ," ಎಂದರು ಅಪ್ಪ. "ಮುಂದೆ ನೋಡ್ಕೊಂಡು ಓಡ್ಸು."