ಹೋಲ್ಡಿನಲ್ಲಿಟ್ಟ ಸಾಕ್ಷಿ

ಆಫೀಸಿನಲ್ಲಿ ಅವನಿಗೆ ಎಲ್ಲರೂ ಇಟ್ಟ ಹೆಸರು ಮ್ಯೂಟಪ್ಪ. ಆನ್‌ಲೈನ್ ಮೀಟಿಂಗಿಗೆ ಬರೀ ಫೋನಿನಿಂದ ಸೇರುವವರ ದನಿ ತೆರೆಯುವುದು, ಮುಚ್ಚುವುದು, ಸರದಿ ಬರುವವರೆಗೆ ಹೋಲ್ಡಿಗೆ ಹಾಕಿ ಸಂಗೀತ ಕೇಳಿಸುವುದು, ಇಷ್ಟೇ ಅವನ ಉದ್ಯೋಗ. ಅದೂ ಖಾಯಂ ಅಲ್ಲ. ಕಂಡಕಂಡವರ ಕೈಕಾಲು ಹಿಡಿದು ಅದನ್ನು ಕೊಡಿಸಿದವನು ಅಕ್ಕನ ಗಂಡ, ಅದೇ ಆಫೀಸಿನ ವ್ಯಾನ್ ಡ್ರೈವರು.

ಈಗ ಆ ಭಾವನ ಕೆಲಸಕ್ಕೇ ಕುತ್ತು ಬಂದಿತ್ತು. ಗೇಟಿನ ಹತ್ತಿರ ವ್ಯಾನು ಹಿಂದಕ್ಕೆ ಬಂದು ವಾಚ್‌ಮನ್ ತಾತನ ಕಾಲು ಮುರಿದಿತ್ತು. ಓಡಿಸಿದ್ದು ಮ್ಯಾನೇಜರ ಮಗ, ತಪ್ಪು ಬಿದ್ದದ್ದು ಭಾವನ ತಲೆಗೆ. ಕಂಡವನು ತಾತ ಒಬ್ಬನೇ. ಅವನು ಆಸ್ಪತ್ರೆಯ ಮಂಚದಿಂದಲೇ ಫೋನಿನಲ್ಲಿ ಸಾಕ್ಷಿ ಹೇಳಲಿ ಅಂತ ಹೆಡ್ಡಾಫೀಸಿನವರು ಆನ್‌ಲೈನಿನಲ್ಲೇ ವಿಚಾರಣೆ ಇಟ್ಟಿದ್ದರು.

ಬೆಳಿಗ್ಗೆಯೇ ಮ್ಯಾನೇಜರು ಮ್ಯೂಟಪ್ಪನ ಹೆಗಲ ಮೇಲೆ ಕೈಯಿಟ್ಟಿದ್ದರು. "ನಿನ್ನನ್ನ ಖಾಯಂ ಮಾಡೋಣ ಅಂತಿದೀನಿ ಕಣಯ್ಯ. ಆ ಮುದುಕನ ದನಿ ಮಾತ್ರ ಮೀಟಿಂಗಲ್ಲಿ ಕೇಳಿಸಬಾರದು."

ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ಅಕ್ಕನ ಮನೆಯಲ್ಲಿ ಉಂಡು ಬೆಳೆದ ಈ ಮಹಾನುಭಾವ ಏನೆಂದ? "ಆಯ್ತು ಸಾರ್" ಅಂದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಅಂದ.

ತಾತನ ನಂಬರು ಪರದೆಯ ಮೇಲೆ ಬಂದ ಕೂಡಲೇ ಹೋಲ್ಡಿಗೆ ಹಾಕಿದ. ಇನ್ನು ಇಲ್ಲಿನ ಮಾತು ಅಲ್ಲಿಗಿಲ್ಲ, ಅಲ್ಲಿನದು ಇಲ್ಲಿಗಿಲ್ಲ. ತಾತನ ಕಿವಿಗೆ ಬರೀ ಪಿಟೀಲು.

"ವಾಚ್‌ಮನ್ ಬಂದ್ರಾ?" ಪರದೆಯಿಂದ ದೊಡ್ಡ ಸಾಹೇಬರು ಕೇಳಿದರು.

"ಇಲ್ಲ ಸಾರ್, ಲೈನು ಸಿಗ್ತಿಲ್ಲ."

ಮೇಜಿನಾಚೆ ಕೂತಿದ್ದ ಭಾವ ಮುಂದಕ್ಕೆ ಬಾಗಿದ. "ಇನ್ನೊಂದ್ಸಲ ನೋಡೋ. ಖಂಡಿತ ಬರ್ತೀನಿ ಅಂದಿದ್ದ."

ಮ್ಯೂಟಪ್ಪ ನೋಡಿದ ಹಾಗೆ ನಟಿಸಿದ. ನಂಬರು ಕಣ್ಣೆದುರಿಗೇ ಇತ್ತು. ಬೆರಳಿಗೇನು ಧಾಡಿ, ಒಂದು ಸಲ ಒತ್ತಿದ್ದರೆ ಸಾಕಿತ್ತು. "ಬಂದಿಲ್ಲ ಭಾವ" ಅಂದ, ತಲೆ ಎತ್ತದೆ.

ಹೊಟ್ಟೆ ಉರಿಯುವುದು ಇಲ್ಲಿ ನೋಡಿ, ಭಾವ ಅದನ್ನು ನಂಬಿದ. "ಇವನು ನಮ್ಮ ಹುಡುಗ ಸಾರ್, ಸುಳ್ಳು ಹೇಳೋನಲ್ಲ. ತಾತಂಗೇ ಏನೋ ತೊಂದರೆ ಆಗಿರಬೇಕು" ಅಂತ ತಾನೇ ಸಾಹೇಬರಿಗೆ ಸಮಜಾಯಿಷಿ ಕೊಟ್ಟ.

"ಸಾಕ್ಷಿಯೇ ಇಲ್ಲದ ಮೇಲೆ ಇನ್ನೇನು ಸಾರ್" ಅಂದರು ಮ್ಯಾನೇಜರು. ಸಾಹೇಬರು ಒಪ್ಪಿದರು. ಭಾವನನ್ನು ಕೆಲಸದಿಂದ ತೆಗೆದಾಯಿತು. ಅವನು ವ್ಯಾನಿನ ಕೀಲಿ ಮೇಜಿನ ಮೇಲಿಟ್ಟು, ಮ್ಯೂಟಪ್ಪನ ಬೆನ್ನು ತಟ್ಟಿ, ಎದ್ದು ಹೋದ.

ಎಲ್ಲರೂ ಹೋದರೂ ನಂಬರು ಮಾತ್ರ ಹೋಗಿರಲಿಲ್ಲ. ಸುಮ್ಮನೆ ಕತ್ತರಿಸಿದರೆ ಮುದುಕ ಹೆಡ್ಡಾಫೀಸಿಗೇ ಫೋನ್ ಮಾಡಿಯಾನು ಅಂತ ಹೆದರಿ ಮ್ಯೂಟಪ್ಪ ಲೈನು ತೆರೆದ.

"ನನ್ನ ಸರದಿ ಬಂತಾ ಸಾರ್?" ಅಂದವನೇ ತಾತ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದ. ಡ್ರೈವರು ವ್ಯಾನಿನಲ್ಲೇ ಇರಲಿಲ್ಲ, ಸ್ಟೀರಿಂಗ್ ಹಿಡಿದಿದ್ದವನು ಮ್ಯಾನೇಜರ ಮಗ, ಎಷ್ಟು ಕೂಗಿದರೂ ನಿಲ್ಲಿಸಲಿಲ್ಲ. "ಎಲ್ರಿಗೂ ಕೇಳಿಸ್ತಾ?"

"ಕೇಳಿಸ್ತು ತಾತ" ಅಂದ ಮ್ಯೂಟಪ್ಪ, ಖಾಲಿ ಕುರ್ಚಿಗಳ ನಡುವೆ.

"ಓ, ನೀನೇನಪ್ಪಾ ಮಾತಾಡ್ತಿರೋದು? ನಿಮ್ಮ ಭಾವ ಪುಣ್ಯವಂತ ಬಿಡು, ಮನೆಯವನೇ ಒಬ್ಬ ಒಳಗಿದೀಯ. ಅವನಿಗೊಂದ್ಸಲ ಫೋನ್ ಕೊಡು."

ಕಿಟಕಿಯಾಚೆ ಭಾವ ಊಟದ ಡಬ್ಬಿ ಹಿಡಿದು ನಡೆದುಕೊಂಡೇ ಗೇಟು ದಾಟುತ್ತಿದ್ದ.

"ಇಲ್ಲ ತಾತ, ಆಗ್ಲೇ ವ್ಯಾನು ತಗೊಂಡು ಡ್ಯೂಟಿಗೆ ಹೋದ."

"ಹೌದಾ" ಅಂದ ತಾತ. ಆಮೇಲೆ ಸಂತೋಷಕ್ಕೆ ಅಳತೊಡಗಿದ. ಮ್ಯೂಟಪ್ಪ ಲೈನು ಕತ್ತರಿಸಿ, ಅಂಗಿ ಸರಿಮಾಡಿಕೊಂಡು, ಮ್ಯಾನೇಜರ ರೂಮಿನ ಕಡೆ ಹೊರಟ.