ಹದಿಮೂರನೆಯ ಸರ್ಗ

ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿ ಒಬ್ಬೊಬ್ಬರಿಗೂ ‘ನರಕ’ ಎಂಬ ಕಾವ್ಯದ ಒಂದೊಂದು ಸರ್ಗ ಹಂಚುವುದು ನಮ್ಮ ಬಾರ್ಸಾಂತಿ ಮೇಡಂ ಪದ್ಧತಿ. ಸಿಕ್ಕಿದ್ದನ್ನು ಬಾಯಿಪಾಠ ಮಾಡಿ ತರಗತಿಯೆದುರು ಹೇಳಬೇಕು, ಅರ್ಥ ಬಿಡಿಸಬೇಕು. ಏಳುನೂರು ವರ್ಷದ ಹಿಂದೆ ನಮ್ಮದೇ ಸೀಮೆಯವನೊಬ್ಬ ಬರೆದ ಕಾವ್ಯ. ಟಸ್ಕನಿಯಲ್ಲಿ ಹುಟ್ಟಿದ ಮೇಲೆ ಅದರಿಂದ ತಪ್ಪಿಸಿಕೊಂಡವರಿಲ್ಲ. ನೇರಿಯೊಗೆ ಹೊಟ್ಟೆಬಾಕರ ಸರ್ಗ ಬಂದಾಗ ಇಡೀ ತರಗತಿ ಅವನ ಹೊಟ್ಟೆ ನೋಡಿ ನಕ್ಕಿತು. ನನ್ನ ಚೀಟಿಯಲ್ಲಿ ಹದಿಮೂರು ಇತ್ತು. ಯಾರೂ ನಗಲಿಲ್ಲ.

ಮೇಡಂ ಮುಖ ಬಿಳಿಚಿಕೊಂಡಿತು. ಬೇರೆ ಚೀಟಿ ತೆಗೆದುಕೋ ಓರ್ಸೋಲಾ, ಎಂದು ಮೆಲ್ಲಗೆ ಹೇಳಿದರು. ನನಗೆ ಕನಿಕರ ಕಂಡರೆ ಮೈಯೆಲ್ಲ ಉರಿಯುತ್ತದೆ. ಬೇಡ ಎಂದೆ. ಆ ಸರ್ಗದಲ್ಲಿ ಏನಿದೆ ಎಂದೇ ನನಗೆ ಗೊತ್ತಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಗೊತ್ತಿರಬೇಕಿತ್ತು. ನಮ್ಮಜ್ಜಿ ಇಸೊಲೀನಾ, ಅಪ್ಪನ ತಾಯಿ, ಮೂರನೆಯ ತರಗತಿ ದಾಟಿದವಳಲ್ಲ, ಆದರೆ ನರಕ ಪೂರ್ತಿ ಅವಳ ನಾಲಗೆಯ ಮೇಲಿದೆ. ಆಲಿವ್ ಕಾಯಿ ಬಿಡಿಸುತ್ತ ಅವಳಪ್ಪ ಹೇಳಿಕೊಟ್ಟದ್ದು. ಚಿಕ್ಕಂದಿನಲ್ಲಿ ಅದು ನನಗೆ ಜೋಗುಳವಾಗಿತ್ತು, ಅರ್ಥ ಯಾರಿಗೆ ಬೇಕಿತ್ತು. ಅಪ್ಪ ಹೋದ ಮೇಲೆ ಅಜ್ಜಿ ಹನ್ನೆರಡು ಮುಗಿಸಿ, ಒಂದು ಗುಟುಕು ನೀರು ಕುಡಿದು, ನೇರ ಹದಿನಾಲ್ಕಕ್ಕೆ ಹಾರುತ್ತಿದ್ದಳು. ವಯಸ್ಸಾಯಿತು, ಮರೆತಿದ್ದಾಳೆ ಎಂದುಕೊಂಡಿದ್ದೆ.

ಮನೆಗೆ ಹೋಗುವ ಬಸ್ಸಿನಲ್ಲೇ ಓದಿದೆ. ತಮ್ಮ ಜೀವ ತಾವೇ ಕಳೆದುಕೊಂಡವರು ಅಲ್ಲಿ ಮುಳ್ಳುಮರಗಳಾಗಿ ನಿಂತಿದ್ದಾರೆ. ಕೊಂಬೆ ಮುರಿದರೆ ರಕ್ತ ಬರುತ್ತದೆ, ರಕ್ತದ ಜೊತೆ ಮಾತೂ ಬರುತ್ತದೆ. ಒಂದು ಮರವಂತೂ ತಾನು ಯಾಕೆ ಸತ್ತೆ ಎಂದು ಮೊದಲಿಂದ ಕೊನೆಯವರೆಗೂ ಹೇಳಿಕೊಳ್ಳುತ್ತದೆ. ಓದುತ್ತ ಓದುತ್ತ ನಮ್ಮೂರು ದಾಟಿ ಎರಡು ನಿಲ್ದಾಣ ಮುಂದೆ ಇಳಿದೆ. ವಾಪಸು ನಡೆಯುವಾಗ ಅಳುವೂ ಬಂತು, ಸಿಟ್ಟೂ ಬಂತು.

ನಮ್ಮಪ್ಪ ವಾಸ್ಕೊ ಯಾಕೆ ಹಾಗೆ ಜೀವ ಕಳೆದುಕೊಂಡ ಎಂದು ಯಾರಿಗೂ ಗೊತ್ತಿಲ್ಲ. ಒಂದು ಸಾಲು ಬರೆದಿಡಲಿಲ್ಲ. ಹಿಂದಿನ ದಿನ ಆಲಿವ್ ಮರಗಳ ಹೆಚ್ಚಿನ ಕೊಂಬೆಗಳನ್ನು ಸವರಿ, ಗರಗಸಕ್ಕೆ ಎಣ್ಣೆ ಹಚ್ಚಿ, ಗೂಟಕ್ಕೆ ನೇತುಹಾಕಿದ್ದ. ಆಮೇಲೆ ಮರ ಸವರುವ ಒಂದು ಮಾರ್ಚ್ ಕಳೆದು ಈಗ ಎರಡನೆಯದು ಬಂದಿತ್ತು. ಪಕ್ಕದ ತೋಟದ ಅದೆಲ್ಮೊ ಮರ ಸವರಿಕೊಡುತ್ತೇನೆಂದು ಬಂದಾಗಲೆಲ್ಲ ಅಜ್ಜಿ ಅವನನ್ನು ಗೇಟಿನಿಂದಲೇ ಅಟ್ಟಿದಳು. ಮೊದಲು ನಿನ್ನ ಗಡ್ಡ ಸವರಿಕೋ ಎಂದಳಂತೆ. ಮರಗಳು ಪೊದೆಯಂತಾಗಿ ಕಾಯಿ ಬಿಡುವುದು ಕಡಿಮೆಯಾಯಿತು. ಊರವರು ಮುದುಕಿಗೆ ಅರಳುಮರಳು ಎಂದರು. ನಾನೂ ಅಂದಿದ್ದೆ. ಅವಳು ಕೊಂಬೆ ಮುಟ್ಟಗೊಡದಿದ್ದುದು ಯಾಕೆಂದು ಬಸ್ಸಿನಲ್ಲಿ ಗೊತ್ತಾಯಿತು.

ಭಾನುವಾರ ಊಟವಾದ ಮೇಲೆ ಅಪ್ಪನ ಗರಗಸ ತೆಗೆದುಕೊಂಡು ಬಾವಿ ಪಕ್ಕದ ಮರದ ಹತ್ತಿರ ಹೋದೆ. ಅಪ್ಪ ಬುತ್ತಿ ಬಿಚ್ಚಿಕೊಂಡು ಕೂರುತ್ತಿದ್ದುದು ಅದರ ಕೆಳಗೇ. ಇದು ಬರೀ ಮರ ಎಂದು ಅಜ್ಜಿಗೆ ತೋರಿಸಿಬಿಡಬೇಕು, ಅವಳನ್ನು ಹಿಡಿದ ಈ ಭೂತ ಬಿಡಿಸಬೇಕು ಎಂದು ಹಟ ಬಂದಿತ್ತು. ಕೆಳಗಿನ ಕೊಂಬೆಗೆ ಗರಗಸ ಹಾಕಿದೆ.

ಸದ್ದಿಗೆ ಅಜ್ಜಿ ಪಾತ್ರೆ ತೊಳೆಯುವ ಒದ್ದೆ ಕೈಯಲ್ಲೇ ಓಡಿಬಂದಳು. ಅಷ್ಟರಲ್ಲಿ ಕೊಂಬೆ ಬಿದ್ದಾಗಿತ್ತು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಕೊಯ್ದ ಜಾಗಕ್ಕೆ ಬೆರಳಿಟ್ಟು ನೋಡಿದಳು.

"ಏನಾದ್ರೂ ಅಂದ್ನಾ?"

"ಏನಂತಾನಜ್ಜಿ? ಬರೀ ಮರ ಅದು. ನೋಡು, ರಕ್ತ ಇಲ್ಲ ಏನಿಲ್ಲ. ಅವನಿಗೆ ನೋವಾಗುತ್ತೆ ಅಂತ ಸುಮ್ನೆ ಹೆದರ್ಕೊಂಡು ಇಷ್ಟು ದಿನ..."

"ನೋವಿಗಲ್ಲ ಕಣೆ," ಎಂದಳು ಅಜ್ಜಿ. "ಕೊಯ್ದ ಮೇಲೂ ಏನೂ ಹೇಳ್ದೆ ಹೋದ್ರೆ ಅಂತ. ಕೊಯ್ದೇ ಇದ್ರೆ, ಯಾವತ್ತಾದ್ರೂ ಹೇಳ್ತಾನೆ ಅಂತ ಅಂದ್ಕೊಂಡಿರಬಹುದಿತ್ತು."

ನಾನು ಕತ್ತರಿಸಿದ್ದು ಏನೆಂದು ಆಗ ತಿಳಿಯಿತು. ಮುದುಕಿಗೆ ಉಳಿದಿದ್ದ ಒಂದೇ ಒಂದು ಆಸೆಯನ್ನು ಬುದ್ಧಿ ಕಲಿಸುತ್ತೇನೆಂದು ಹೋಗಿ ಕೊಯ್ದಿದ್ದೆ. ಅಜ್ಜಿ ಮೂಗು ಒರೆಸಿಕೊಂಡು ಪಕ್ಕದ ಕೊಂಬೆ ತೋರಿಸಿದಳು.

"ಅದನ್ನೂ ಕೊಯ್ದು ನೋಡು."

ಕೊಯ್ದೆ. ಅಜ್ಜಿ ಕಿವಿಯಿಟ್ಟು ಕೇಳಿದಳು, ತಲೆಯಾಡಿಸಿದಳು, ಇನ್ನೊಂದು ತೋರಿಸಿದಳು. ಏಣಿ ತಂದೆ. ಮೇಲಿನ ಕೊಂಬೆಗಳಿಗೆ ನಾನೇ ಕಿವಿಯಿಟ್ಟೆ. ನಗಬೇಡಿ, ನಾಲ್ಕನೆಯದಕ್ಕೋ ಐದನೆಯದಕ್ಕೋ ಬರುವಷ್ಟರಲ್ಲಿ ನಾನೂ ನಿಜವಾಗಿ ಕಾಯುತ್ತಿದ್ದೆ. ಅಪ್ಪಾ, ಒಂದು ಮಾತು ಹೇಳು, ಬೇಕಿದ್ದರೆ ನನ್ನದೇ ತಪ್ಪು ಅನ್ನು, ಎಂದು ಬೇಡಿಕೊಂಡೆ. ಬಿಸಿಲು ಇಳಿಯುವ ಹೊತ್ತಿಗೆ ಕೊಯ್ಯಲು ಕೊಂಬೆ ಉಳಿದಿರಲಿಲ್ಲ. ಅಜ್ಜಿ ಬಿದ್ದ ಎಲೆಗಳನ್ನೆಲ್ಲ ಬಳಿದು ಬುಡಕ್ಕೆ ಹಾಕಿದಳು. ಕಾವ್ಯದಲ್ಲೂ ಹದಿನಾಲ್ಕನೆಯ ಸರ್ಗ ಶುರುವಾಗುವುದು ಹಾಗೇ.

ಸೋಮವಾರ ಎದ್ದು ನಿಂತು ಸರ್ಗ ಹೇಳತೊಡಗಿದೆ. ಒಂದು ಪದವೂ ತಪ್ಪಲಿಲ್ಲ. ಕೊಂಬೆ ಮುರಿಯುವಲ್ಲಿಗೆ ಬಂದು ನಿಂತುಬಿಟ್ಟೆ. ಮರೆತೆನೆಂದುಕೊಂಡು ಮೇಡಂ ಮುಂದಿನ ಸಾಲಿನ ಮೊದಲ ಪದ ಎತ್ತಿಕೊಟ್ಟರು. ಆಮೇಲೆ, "ಮುಂದೇನಾಗುತ್ತೆ ಹೇಳಮ್ಮ, ಸಾಕು," ಎಂದರು.

"ಮುಂದೆ ಮರ ಮಾತಾಡುತ್ತೆ ಮೇಡಂ," ಎಂದೆ. "ಇದರಲ್ಲಿ ಮಾತಾಡುತ್ತೆ."

ಹೇಳಿ ಕೂತುಕೊಂಡೆ.